ಫೋ ಬಟ್ಟಲಿಗೆ ಅಂಕ ಹಾಕುವ ಮುನ್ನ: ಮುಂಬೈ, ಪುಣೆ, ಗೋವಾದಲ್ಲಿ ವಿಯೆಟ್ನಾಂ ನೂಡಲ್ ಸೂಪಿನ ವಿಮರ್ಶೆ ಬರೆಯುವ ಬಗೆ

ಫೋ ಬಟ್ಟಲು ಮೇಜಿಗೆ ಬಂದು ಹತ್ತು ನಿಮಿಷವಾಯಿತೆಂದರೆ ಅದು ಬೇರೆಯದೇ ತಿನಿಸು. ಅಕ್ಕಿ ನೂಡಲ್ ಸಾರು ಹೀರಿ ಊದಿಕೊಂಡಿರುತ್ತದೆ, ಸೊಪ್ಪು ಕಪ್ಪಾಗಿರುತ್ತದೆ, ಮೇಲಿನ ಕೊಬ್ಬು ತಣಿದು ತುಟಿಗೆ ಮೆತ್ತುತ್ತದೆ. ಅದರಲ್ಲಿ ಆರು ನಿಮಿಷ ಫೋಟೊಗೇ ಹೋದರೆ ಉಳಿಯುವುದು ಊದಿದ ನೂಡಲ್‌ನ ವಿಮರ್ಶೆ. ಓದಲು ಸಿಗುವ ಎಷ್ಟೋ ವಿಮರ್ಶೆಗಳು 'ಜಾಗ ಚೆನ್ನಾಗಿದೆ, ಸೂಪ್ ಮಾತ್ರ ಸಪ್ಪೆ' ಎಂಬಲ್ಲಿಗೇ ನಿಂತುಬಿಡುತ್ತವೆ.

ಈ 'ಸಪ್ಪೆ' ಎಂಬ ತೀರ್ಪಿನದೇ ದೊಡ್ಡ ತಾಪತ್ರಯ. ಉಪ್ಪು ಕಡಿಮೆಯಾದರೂ ಸಪ್ಪೆ, ಎಲುಬು ಸಾಲದೆ ಸಾರು ನೀರಾದರೂ ಸಪ್ಪೆ, ಮಸಾಲೆ ಹುರಿಯದೆ ಹಾಕಿ ಘಮ ಏಳದಿದ್ದರೂ ಸಪ್ಪೆ, ಬರೀ ಖಾರ ಇಲ್ಲದಿದ್ದರೂ ನಮ್ಮ ನಾಲಿಗೆಗೆ ಸಪ್ಪೆ. ಮೊದಲ ಮೂರು ಅಡುಗೆಮನೆಯ ತಪ್ಪು. ನಾಲ್ಕನೆಯದು ತಪ್ಪೇ ಅಲ್ಲ. ಖಾರ, ಹುಳಿ ಸೇರಿಸಿಕೊಳ್ಳುವುದನ್ನು ಫೋ ಉಣ್ಣುವವರ ಕೈಗೇ ಬಿಟ್ಟಿದೆ. ಇದರಲ್ಲಿ ಯಾವ ಸಪ್ಪೆ ಎಂದು ಬೇರ್ಪಡಿಸಿ ಹೇಳಿದರೆ, ಮಾಟುಂಗಾದಲ್ಲಿ ಕೂತ ಓದುಗರಿಗೆ ಒಂದು ಬಟ್ಟಲಿಗಾಗಿ ಬಾಂದ್ರಾದವರೆಗೆ ಹೋಗಬೇಕೋ ಬೇಡವೋ ಎಂಬುದು ಗೊತ್ತಾಗುತ್ತದೆ.

ಹೋಗುವ ಮೊದಲು

ಮೊದಲು ಮೆನು ಓದಿ. ಮುಂಬೈ, ಪುಣೆಯಲ್ಲಿ ಫೋ ಹೆಚ್ಚಾಗಿ ಸಿಗುವುದು ಸುಶಿ, ಡಿಮ್‌ಸಮ್, ಥಾಯ್ ಕರಿ ಎಲ್ಲವನ್ನೂ ಮಾಡುವ 'ಏಷ್ಯನ್' ರೆಸ್ಟೋರೆಂಟುಗಳಲ್ಲಿ. ವಿಯೆಟ್ನಾಂ ಅಡುಗೆಯನ್ನಷ್ಟೇ ಮಾಡುವ ಜಾಗಗಳು ಕಡಿಮೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು, ಆದರೆ ತಪ್ಪು ಎಲ್ಲಿ ಹುಟ್ಟುತ್ತದೆಂದು ಗೊತ್ತಿರಬೇಕು: ಐವತ್ತು ತಿನಿಸು ಮಾಡುವ ಅಡುಗೆಮನೆ ಫೋಗೆಂದೇ ಬೇರೆ ಸಾರು ಕಾಯಿಸುವ ಸಾಧ್ಯತೆ ಕಡಿಮೆ. ಎಲ್ಲ ಸೂಪುಗಳಿಗೂ ಒಂದೇ ಚಿಕನ್ ಸ್ಟಾಕ್, ಫೋ ಆರ್ಡರ್ ಬಂದಾಗ ಅದಕ್ಕೆ ಒಂದು ಚಕ್ರಮೊಗ್ಗು.

ಅಲ್ಲಿ ಸಿಗುವುದು ಯಾವ ಊರಿನ ಫೋ ಎಂಬುದೂ ಮುಖ್ಯ. ಈ ಸೂಪು ರೂಪ ತಳೆದದ್ದು ಉತ್ತರ ವಿಯೆಟ್ನಾಂನ ಹನೋಯ್, ನಾಮ್ ದಿನ್ ಕಡೆ, 20ನೇ ಶತಮಾನದ ಆರಂಭದಲ್ಲಿ, ಫ್ರೆಂಚರ ಆಳ್ವಿಕೆಯಲ್ಲಿ. 1954ರಲ್ಲಿ ದೇಶ ಎರಡು ಹೋಳಾದಾಗ ಉತ್ತರದಿಂದ ದಕ್ಷಿಣಕ್ಕೆ ಹೊರಟ ಲಕ್ಷಾಂತರ ಜನರ ಜೊತೆ ಅದೂ ಸೈಗಾನ್‌ನಲ್ಲಿ ಬೇರೂರಿತು, ಅಲ್ಲಿನ ರುಚಿಗೆ ಬದಲಾಯಿತು. ಹನೋಯ್ ಬಟ್ಟಲಿನಲ್ಲಿ ತಿಳಿಸಾರು, ಅಗಲ ನೂಡಲ್, ಈರುಳ್ಳಿ ಸೊಪ್ಪು, ಪಕ್ಕದಲ್ಲಿ ಬೆಳ್ಳುಳ್ಳಿ ನೆನೆಸಿದ ವಿನಿಗರ್, ಕೆಲವೊಮ್ಮೆ ಅದ್ದಿ ತಿನ್ನಲು ಕರಿದ ಹಿಟ್ಟಿನ ಕೋಲು. ಸೈಗಾನ್ ಬಟ್ಟಲಿನ ಸಾರಿನಲ್ಲಿ ಕಲ್ಲುಸಕ್ಕರೆಯ ಸಿಹಿ ಎದ್ದು ಕಾಣುತ್ತದೆ. ಜೊತೆಗೆ ತಟ್ಟೆ ತುಂಬ ಸೊಪ್ಪು, ಮೊಳಕೆ, ನಿಂಬೆ, ಸೋಯಾದ ಸಿಹಿ ಗಟ್ಟಿ ಹೊಯ್ಸಿನ್ ಸಾಸ್, ಮೆಣಸಿನ ಸಾಸ್. ನಮ್ಮ ಕಡೆ ಸಿಗುವುದು ಬಹುತೇಕ ಈ ಎರಡನೆಯದು. ಹನೋಯ್ ಶೈಲಿ ಎಂದು ಮೆನುವಿನಲ್ಲೇ ಬರೆದವರ ಹತ್ತಿರ 'ಸೊಪ್ಪಿನ ತಟ್ಟೆಯೇ ಇಲ್ಲ' ಎಂದು ಅಂಕ ಕಳೆಯುವುದು ಅನ್ಯಾಯ.

ಫೋ ಅಲ್ಲದ ಸೂಪುಗಳಿಗೆ ಅವುಗಳದೇ ಅಳತೆಗೋಲು ಬೇಕು. ಬುನ್ ಬೋ ಹ್ವೆ ಮಧ್ಯ ವಿಯೆಟ್ನಾಂನ ಹ್ವೆ ಊರಿನದು: ದುಂಡು ನೂಡಲ್, ನಿಂಬೆಹುಲ್ಲು, ಹುದುಗಿಸಿದ ಸಿಗಡಿ ಪೇಸ್ಟ್, ಅನಾಟೊ ಬೀಜದ ಕೆಂಪೆಣ್ಣೆ, ಖಾರ. ಅದರಲ್ಲಿ ಥಾಯ್ ಶುಂಠಿ, ಕಾಫಿರ್ ನಿಂಬೆಯೆಲೆಯ ವಾಸನೆ ಬಡಿದರೆ ಥಾಯ್ ಹುಳಿಖಾರ ಸೂಪಿನ ಟಾಮ್ ಯಮ್ ಪೇಸ್ಟ್ ಬಿದ್ದಿದೆ ಎಂದು ತಿಳಿಯಿರಿ. ಮೀ ಕ್ವಾಂಗ್‌ನಲ್ಲಿ ಸಾರು ತಳದಲ್ಲಿ ಅಷ್ಟೇ ಇರುತ್ತದೆ, ಮೇಲೆ ಶೇಂಗಾ ಮತ್ತು ಅಕ್ಕಿ ಹಪ್ಪಳ. ಸೂಪು ಕಡಿಮೆ ಕೊಟ್ಟರೆಂದು ಜಗಳ ಆಡಬೇಡಿ. ಇನ್ನು ತೆಂಗಿನ ಹಾಲು ಹಾಕಿದ 'ಫೋ' ಬಂದರೆ, ತೆಂಗಿನ ಹಾಲಿನ ಬರ್ಮಾ ನೂಡಲ್ ಖಾವ್ ಸುಎ ಮೇಲಿನ ಮುಂಬೈಯವರ ಪ್ರೀತಿಗೆ ಅಡುಗೆಯವರು ಮಣಿದಿದ್ದಾರೆ ಎಂದರ್ಥ. ಅದು ರುಚಿಯಾಗಿರಬಹುದು, ಫೋ ಅಂತೂ ಅಲ್ಲ.

ಒಂದೇ ಭೇಟಿಯಲ್ಲಿ ಬರೆಯಬೇಡಿ. ಎರಡು ಸಲ ಹೋಗಿ: ಒಮ್ಮೆ ವಾರದ ಮಧ್ಯೆ ಮಧ್ಯಾಹ್ನ, ಒಮ್ಮೆ ಶನಿವಾರ ರಾತ್ರಿ. ರಾತ್ರಿ ಹತ್ತರ ಹೊತ್ತಿಗೆ ಸಾರು ಕಾದು ಕಾದು ಇಂಗಿ ಉಪ್ಪಾಗಿರುತ್ತದೆ. ಮಧ್ಯಾಹ್ನ ಬಾಗಿಲು ತೆರೆದ ಕೂಡಲೇ ಸಿಗುವುದು ನಿನ್ನೆಯದೂ ಇರಬಹುದು. ಶ್ರಾವಣದಲ್ಲಿ ಮಾಂಸ ಬಿಡುವವರು ಮುಂಬೈ, ಪುಣೆಯಲ್ಲಿ ಬಹಳ. ಆಗ ಎಲುಬಿನ ಸಾರು ನಿಧಾನವಾಗಿ ಖಾಲಿಯಾಗುತ್ತದೆ, ಹಾಗಾಗಿ ತಿಂಗಳನ್ನೂ ವಿಮರ್ಶೆಯಲ್ಲಿ ನಮೂದಿಸಿ. ಉತ್ತರ ಗೋವಾದ ಅಸ್ಸಾಗಾಂವ್, ಅಂಜುಣೆ ಕಡೆ ಮಳೆಗಾಲಕ್ಕೆ ಬಾಗಿಲು ಹಾಕುವ ಹೋಟೆಲುಗಳಿವೆ, ಅಕ್ಟೋಬರಿನಲ್ಲಿ ತೆರೆಯುವಾಗ ಅಡುಗೆಯವರೇ ಬದಲಾಗಿರುತ್ತಾರೆ. ಮಾರ್ಚ್‌ನ ವಿಮರ್ಶೆ ನವೆಂಬರಿಗೆ ಉಪಯೋಗಕ್ಕೆ ಬರುವುದಿಲ್ಲ.

ಕೇಳಲೇಬೇಕಾದ ಎರಡು ಪ್ರಶ್ನೆ

'ಬೀಫ್ ಫೋ' ಎಂದರೆ ಯಾವುದರ ಮಾಂಸ? ಮಹಾರಾಷ್ಟ್ರದಲ್ಲಿ 2015ರ ತಿದ್ದುಪಡಿಯ ನಂತರ ಹಸುವಿನ ಜೊತೆಗೆ ಎತ್ತು, ಹೋರಿಯ ವಧೆಯೂ ನಿಷಿದ್ಧ. ಎಮ್ಮೆಗೆ ಆ ನಿಷೇಧವಿಲ್ಲ. ಮೆನುವಿನಲ್ಲಿ ಟೆಂಡರ್‌ಲಾಯಿನ್ ಅಥವಾ ಬಫ್ ಎಂದಿರುವುದು ಎಮ್ಮೆಯದು. ಗೋವಾದ ಕಾನೂನು ಬೇರೆ, ಅಲ್ಲಿ ಕೇಳಿಯೇ ತಿಳಿಯಬೇಕು. ಇದು ತಿನ್ನುವವರ ನಂಬಿಕೆಯ ವಿಷಯವಷ್ಟೇ ಅಲ್ಲ, ರುಚಿಯದೂ ಹೌದು. ಎಮ್ಮೆ ಮಾಂಸದಲ್ಲಿ ಕೊಬ್ಬು ಕಡಿಮೆ, ಬಣ್ಣ ಗಾಢ, ಎಳೆ ಒರಟು. ದಪ್ಪಗೆ ಕೊಯ್ದರೆ ಅಗಿದು ಮುಗಿಯುವುದಿಲ್ಲ. ಕೇಳಬೇಕಾದ ಇನ್ನೊಂದು ಮಾತು, ಸಾರು ಯಾವ ಎಲುಬಿನದು ಎಂಬುದು. ಚಿಕನ್ ಸಾರಿನ ಮೇಲೆ ಟೆಂಡರ್‌ಲಾಯಿನ್ ಚೂರು ಇಟ್ಟು ಬೀಫ್ ಫೋ ಎಂದು ಕೊಡುವುದು ಸುಲಭ. ಚಿಕನ್ ಫೋ ಮತ್ತು ಬೀಫ್ ಫೋ ಎರಡನ್ನೂ ತರಿಸಿ ಬರೀ ಸಾರನ್ನು ಒಂದಾದ ಮೇಲೊಂದು ಕುಡಿದರೆ ಗುಟ್ಟು ರಟ್ಟಾಗುತ್ತದೆ.

ಎರಡನೆಯದು ಸಸ್ಯಾಹಾರಿಗಳ ಪ್ರಶ್ನೆ. 'ವೆಜ್ ಇದೆಯಾ' ಎಂದು ಕೇಳಿದರೆ 'ಇದೆ ಸರ್' ಎಂಬ ಉತ್ತರವೇ ಬರುವುದು, ಏಕೆಂದರೆ ಮೇಲೆ ಹಾಕುವುದು ತೋಫುವೇ. ಕೇಳುವ ರೀತಿ ಬದಲಿಸಿ: 'ವೆಜ್ ಫೋ ಸಾರನ್ನು ಬೇರೆ ಪಾತ್ರೆಯಲ್ಲಿ ಮಾಡ್ತೀರಾ? ಅದರಲ್ಲಿ ಫಿಶ್ ಸಾಸ್ ಬೀಳುತ್ತಾ? ಉಪ್ಪಿಗೆ ಏನು ಹಾಕ್ತೀರಿ?' ವೇಟರ್‌ಗೆ ಗೊತ್ತಿಲ್ಲದಿದ್ದರೆ ಒಳಗೆ ಕೇಳಿ ಬರಲು ವಿನಯದಿಂದಲೇ ಹೇಳಿ, ಅವರು ಹೋಗಿ ಕೇಳಿ ಬಂದರೇ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಫಿಶ್ ಸಾಸ್ ಎಂದರೆ ಬೊಳೆಂಜಿರ್ ಥರದ ಪುಟ್ಟ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಯಿಸಿ ಇಳಿಸಿದ ರಸ. ಸಾರಿಗೆ ಬಿದ್ದ ಮೇಲೆ ಕಣ್ಣಿಗೆ ಕಾಣುವುದಿಲ್ಲ.

ಸಸ್ಯಾಹಾರಿ ಫೋ ಭಾರತದವರ ಕಲಬೆರಕೆ ಎಂದು ತಳ್ಳಿಹಾಕಬೇಡಿ. ವಿಯೆಟ್ನಾಂನ ಬೌದ್ಧರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಸಸ್ಯಾಹಾರ ತಿನ್ನುವುದುಂಟು, 'ಫೋ ಚಾಯ್' ಅಲ್ಲಿಯದೇ. ಒಳ್ಳೆಯ ವೆಜ್ ಸಾರಿಗೆ ಮೂಲಂಗಿ, ಕ್ಯಾರೆಟ್, ಒಣ ಶಿಟಾಕೆ ಅಣಬೆ, ಸುಟ್ಟ ಈರುಳ್ಳಿ, ಸುಟ್ಟ ಶುಂಠಿ ಬೇಕು. ಒಂದೂವರೆಯಿಂದ ಎರಡು ಗಂಟೆ ಸಾಕು, ಹೆಚ್ಚು ಕುದಿಸಿದರೆ ತರಕಾರಿ ಮುದ್ದೆಯಾಗಿ ಸಾರು ಮಂಕಾಗುತ್ತದೆ. ಎಲೆಕೋಸು, ಹೂಕೋಸು ಹಾಕಿದರೆ ಗಂಧಕದ ವಾಸನೆ. ಬ್ರೊಕೊಲಿ, ಬೇಬಿ ಕಾರ್ನ್ ತೇಲುತ್ತಿದ್ದರೆ ಅಡುಗೆಮನೆ ಮಂಚೂರಿಯನ್ ತರಕಾರಿಯ ಡಬ್ಬಕ್ಕೇ ಕೈ ಹಾಕಿದೆ. ಜೈನ್ ಫೋ ಬಗ್ಗೆ ಮಾತ್ರ ಮೃದುವಾಗಿರಿ: ಈರುಳ್ಳಿ, ಹಸಿ ಶುಂಠಿ, ಮೂಲಂಗಿ, ಅಣಬೆ ಎಲ್ಲ ಬಿಟ್ಟ ಮೇಲೆ ಸಾರಿನ ಬೆನ್ನೆಲುಬೇ ಇರುವುದಿಲ್ಲ. ಅದಕ್ಕೆ ಪ್ರತ್ಯೇಕ ಅಂಕ ಕೊಡದೆ, ಕೊಟ್ಟರು ಅಥವಾ ಕೊಡಲಿಲ್ಲ ಎಂದಷ್ಟೇ ಬರೆದರೆ ಸಾಕು.

ಬಟ್ಟಲು ಬಂದ ಮೇಲೆ: ಮೊದಲ ಮೂರು ನಿಮಿಷ ಸಾರಿಗೆ

ಒಂದು ಫೋಟೊ, ಹದಿನೈದು ಸೆಕೆಂಡು. ಆಮೇಲೆ ಫೋನು ಕೆಳಗಿಡಿ. ನಿಂಬೆ, ಸಾಸ್, ಮೆಣಸು ಏನನ್ನೂ ಮುಟ್ಟದೆ ಬಗ್ಗಿ ಮೂಸಿ. ಚಕ್ಕೆ, ಚಕ್ರಮೊಗ್ಗು, ಲವಂಗ, ಕಪ್ಪು ಏಲಕ್ಕಿ, ಕೊತ್ತಂಬರಿ ಬೀಜ: ಇವೆಲ್ಲ ನಮ್ಮ ಮೂಗಿಗೆ ಹಳೆಯ ಪರಿಚಯ, ಆ ಲಾಭವನ್ನು ಬಳಸಿಕೊಳ್ಳಿ. ನಾಲ್ಕೈದು ಲೀಟರ್ ಸಾರಿಗೆ ಮೂರು ನಾಲ್ಕು ಚಕ್ರಮೊಗ್ಗು, ಬೆರಳುದ್ದದ ಒಂದು ಚಕ್ಕೆ, ನಾಲ್ಕೈದು ಲವಂಗ, ಒಂದು ಕಪ್ಪು ಏಲಕ್ಕಿ ಸಾಕಾಗುತ್ತದೆ. ಮೂಸಿದಾಗ ಮೊದಲು ಮಾಂಸ, ಸುಟ್ಟ ಈರುಳ್ಳಿ ಶುಂಠಿಯ ಸಿಹಿ ಹೊಗೆ, ಅದರ ಹಿಂದೆ ಮಸಾಲೆ ಬರಬೇಕು. ಮಸಾಲೆಯೇ ಮುಂದೆ ನುಗ್ಗಿ ಬಿರಿಯಾನಿ ನೆನಪಾದರೆ ಕೈ ಜಾರಿದೆ. ಕೆಮ್ಮಿನ ಔಷಧಿಯ ವಾಸನೆಗೆ ಚಕ್ರಮೊಗ್ಗು ಅತಿಯಾದದ್ದು ಕಾರಣ. ಗಂಟಲಲ್ಲಿ ಉಳಿಯುವ ಕಹಿಗೆ ಎರಡು ಕಾರಣ ಇರಬಹುದು: ಮಸಾಲೆಯ ಗಂಟನ್ನು ಹೊತ್ತಿಗೆ ತೆಗೆಯದೆ ರಾತ್ರಿಯಿಡೀ ಬಿಟ್ಟದ್ದು, ಇಲ್ಲವೇ ಈರುಳ್ಳಿಯ ಕರಿ ಸಿಪ್ಪೆ ಕೆರೆಯದೆ ಹಾಕಿದ್ದು.

ಈಗ ನೋಡಿ. ಸಾರು ತಿಳಿಯಾಗಿ, ಹಾಲಿಲ್ಲದ ತೆಳು ಚಹಾದ ಬಣ್ಣದಲ್ಲಿರಬೇಕು, ಮೇಲೆ ಸಣ್ಣ ಕೊಬ್ಬಿನ ಕಣ್ಣುಗಳು ತೇಲಬೇಕು. ಮಂಕಾಗಿದ್ದರೆ ಎಲುಬನ್ನು ಮೊದಲು ಐದು ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲಿ ತೊಳೆದಿಲ್ಲ, ಅಥವಾ ಸಣ್ಣ ಉರಿಯ ಬದಲು ಕೊತಕೊತ ಕುದಿಸಿದ್ದಾರೆ; ಜೋರು ಕುದಿತದಲ್ಲಿ ಕೊಬ್ಬು ಒಡೆದು ಸಾರಿನಲ್ಲಿ ಕದಡಿಹೋಗುತ್ತದೆ. ಗಾಢ ಕಂದು ಬಣ್ಣ ಕಂಡರೆ ಡಾರ್ಕ್ ಸೋಯಾ ಸಾಸ್ ಬಿದ್ದಿದೆ. ಚಮಚೆಯಿಂದ ಲೋಳೆಯಂತೆ ಇಳಿದರೆ ಕಾರ್ನ್‌ಫ್ಲೋರ್, ಇಂಡೋ-ಚೈನೀಸ್ ಅಡುಗೆಯವರ ಕೈಚಳಕ.

ಮೂರು ಚಮಚೆ ಕುಡಿಯಿರಿ, ಒಂದೊಂದಕ್ಕೂ ಒಂದೊಂದು ಕೆಲಸ. ಮೊದಲನೆಯದು ಬಿಸಿಗೆ: ನಾಲಿಗೆ ಹಿಂದೆ ಸರಿಯುವಷ್ಟು ಸುಡಬೇಕು, ಉಗುರುಬೆಚ್ಚಗಿದ್ದರೆ ಉಳಿದ ಪರೀಕ್ಷೆಯೆಲ್ಲ ಅಡ್ಡಬಿದ್ದಂತೆ, ವಾಪಸ್ ಕಳಿಸಿ ಬಿಸಿ ಮಾಡಿಸಿ, ಹಾಗೆ ಮಾಡಿಸಿದ್ದನ್ನು ಬರೆಯಿರಿ. ಎರಡನೆಯದು ಉಪ್ಪಿಗೆ. ಬರೀ ಸಾರು ಒಂದು ಎಳೆ ಹೆಚ್ಚೇ ಉಪ್ಪೆನಿಸಬೇಕು, ಯಾಕೆಂದರೆ ನೂಡಲ್‌ನಲ್ಲಿ, ಸೊಪ್ಪಿನಲ್ಲಿ ಉಪ್ಪಿಲ್ಲ. ಅದಕ್ಕೇ ಉಪ್ಪಿನ ತೀರ್ಪನ್ನು ಈಗಲೇ ಕೊಡದೆ ನೂಡಲ್ ಜೊತೆ ಇನ್ನೊಮ್ಮೆ ನೋಡಿ ಕೊಡಿ. ಮೂರನೆಯದು ಮೈಗೆ. ದನ, ಎಮ್ಮೆಯ ಎಲುಬು ಎಂಟರಿಂದ ಹನ್ನೆರಡು ಗಂಟೆ, ಕೋಳಿ ಮೂರು ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಬೆಂದರೆ ಕೀಲು, ಚರ್ಮದಲ್ಲಿನ ಅಂಶ ಜಿಲೆಟಿನ್ ಆಗಿ ಸಾರಿಗೆ ಇಳಿಯುತ್ತದೆ. ನುಂಗಿದ ಮೇಲೆ ತುಟಿಗೆ ತುಟಿ ಒತ್ತಿ ನೋಡಿ, ಸಣ್ಣದಾಗಿ ಅಂಟಿದರೆ ಎಲುಬು ಬೆಂದಿದೆ. ರುಚಿ ನಾಲಿಗೆಯ ತುದಿಯಲ್ಲಿ ಜೋರಾಗಿ ಬಂದು ತಟ್ಟನೆ ಮಾಯವಾಗಿ, ಬರೀ ಉಪ್ಪು ಉಳಿದರೆ ಅದು ಸ್ಟಾಕ್ ಕ್ಯೂಬ್.

ಅಜಿನೊಮೊಟೊ ಹಾಕಿದ್ದಾರೆ ಎಂದು ಗುಲ್ಲೆಬ್ಬಿಸುವುದು ಬೇಡ. ವಿಯೆಟ್ನಾಂನ ಬೀದಿ ಅಂಗಡಿಗಳಲ್ಲೂ ಅದನ್ನು ಧಾರಾಳವಾಗಿ ಹಾಕುತ್ತಾರೆ. ಎಲುಬಿನ ಬದಲಿಗೆ ಅದನ್ನೇ ನಂಬಿದರೆ ತಪ್ಪು, ಅದು ಮೂರನೇ ಚಮಚೆಯಲ್ಲಿ ಗೊತ್ತಾಗಿಯೇ ಆಗುತ್ತದೆ. ಹುಳಿ ವಾಸನೆ ಬಂದರೆ ಮಾತ್ರ ಕುಡಿಯುವುದು ನಿಲ್ಲಿಸಿ: ನಿನ್ನೆಯ ದೊಡ್ಡ ಪಾತ್ರೆಯನ್ನು ಬೇಗ ತಣಿಸದೆ ಹೊರಗೇ ಬಿಟ್ಟಾಗ ಹಾಗಾಗುತ್ತದೆ, ಮುಂಬೈ ಸೆಕೆಯಲ್ಲಿ ಅದಕ್ಕೆ ಹೆಚ್ಚು ಹೊತ್ತು ಬೇಡ.

ನೂಡಲ್, ಮಾಂಸ, ಸೊಪ್ಪು

ಇಲ್ಲಿ ಸಿಗುವುದು ಬಹುತೇಕ ಒಣ ಅಕ್ಕಿ ನೂಡಲ್, ಪ್ಯಾಡ್ ಥಾಯ್‌ಗೆ ಬಳಸುವಂಥದೇ. ಅದರಲ್ಲಿ ತಪ್ಪಿಲ್ಲ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಆರ್ಡರ್ ಬಂದ ಮೇಲೆ ಹತ್ತಿಪ್ಪತ್ತು ಸೆಕೆಂಡು ಕುದಿನೀರಿಗೆ ಅದ್ದಿ ತೆಗೆದರೆ ಚೆನ್ನಾಗಿಯೇ ಇರುತ್ತದೆ. ಚಾಪ್‌ಸ್ಟಿಕ್‌ನಲ್ಲಿ ಎತ್ತಿದಾಗ ತುಂಡಾದರೆ ಮೊದಲೇ ಬೇಯಿಸಿಟ್ಟದ್ದು. ನಡುವೆ ಸುಣ್ಣದಂತೆ ಹಿಟ್ಟುಹಿಟ್ಟಾದರೆ ನೆನೆದಿಲ್ಲ. ತಳದಲ್ಲಿ ಮುದ್ದೆಯಾಗಿ ಕೂತಿದ್ದರೆ ಬಸಿದ ಮೇಲೆ ತೊಳೆಯದೆ ಬಿಟ್ಟಿದ್ದಾರೆ. ಹಳದಿ ಗೋಧಿ ನೂಡಲ್ ಬಂದರೆ ಅದನ್ನು ಫೋ ಎಂದು ಕರೆಯುವಂತಿಲ್ಲ, ವಿಮರ್ಶೆಯ ಮೊದಲ ಸಾಲಿನಲ್ಲೇ ಹೇಳಿ. ಗೋಧಿ ಆಗದವರಿಗೆ ಅದು ಆರೋಗ್ಯದ ವಿಷಯವೂ ಹೌದು. ಹೊಯ್ಸಿನ್, ಸೋಯಾ ಸಾಸ್‌ಗಳಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಪ್ರಮಾಣಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. ಪೂರ್ಣ ಬಟ್ಟಲಿನಲ್ಲಿ 400ರಿಂದ 500 ಮಿಲಿಲೀಟರ್ ಸಾರು, ಒಣಗಿದ್ದಾಗ 60ರಿಂದ 80 ಗ್ರಾಂ ತೂಗುವ ನೂಡಲ್, 80ರಿಂದ 100 ಗ್ರಾಂ ಮಾಂಸ ಇದ್ದರೆ ಒಬ್ಬರ ಊಟ. ಮೆನುವಿನ 'ಸೂಪ್' ಪುಟದಲ್ಲಿರುವ ಫೋ ಹೆಚ್ಚಾಗಿ ಇದರ ಅರ್ಧ, ಊಟಕ್ಕೆ ಮೊದಲು ಕುಡಿಯುವ ಬಟ್ಟಲು. ಇಬ್ಬರು ಒಂದನ್ನು ಹಂಚಿಕೊಂಡು ವಿಮರ್ಶೆ ಮಾಡಬೇಡಿ. ಅರ್ಧ ಬಟ್ಟಲಿಗೆ ಬಗ್ಗಿಸಿದ ಸಾರು ಅರ್ಧ ಹೊತ್ತಿನಲ್ಲೇ ಆರುತ್ತದೆ.

ಹಸಿ ಮಾಂಸದ ತೆಳು ಚೂರುಗಳ ಬಟ್ಟಲಿಗೆ 'ತಾಯ್', ಬೆಂದ ಮಾಂಸದ್ದಕ್ಕೆ 'ಚಿನ್' ಎನ್ನುತ್ತಾರೆ. ತಾಯ್ ತರಿಸಿದರೆ ಚೂರು ಕಾಗದದಷ್ಟಲ್ಲದಿದ್ದರೂ ಎರಡು ಮಿಲಿಮೀಟರ್ ಮೀರಬಾರದು, ಕುದಿಯುವ ಸಾರು ಬಿದ್ದ ಕೂಡಲೇ ಕೆಂಪು ಬೂದಾಗಬೇಕು. ಅಡುಗೆಮನೆಯಲ್ಲೇ ಬೂದಾಗಿ ಬಂದಿದ್ದರೆ ಅವರು ಮೊದಲೇ ಬೇಯಿಸಿದ್ದಾರೆ. ಹಸಿ ಮಾಂಸಕ್ಕೆ ಹಿಂಜರಿಯುವ ಗಿರಾಕಿಗಳೇ ಹೆಚ್ಚಿರುವ ಊರಿನಲ್ಲಿ ಅದು ಅರ್ಥವಾಗುವ ನಿರ್ಧಾರ, ಅಂಕ ಕಳೆಯುವಂಥದ್ದಲ್ಲ. ಚಿಕನ್ ಫೋದಲ್ಲಿ ಎದೆಯ ಮಾಂಸವೇ ಬಂದರೆ ಒಣಗಿರುತ್ತದೆ, ತೊಡೆಯ ಮಾಂಸ ಚರ್ಮದ ಸಮೇತ ಬಂದರೆ ಆ ಅಡುಗೆಯವರಿಗೆ ವಿಷಯ ಗೊತ್ತಿದೆ.

ಸೊಪ್ಪಿನ ತಟ್ಟೆ ಇಲ್ಲಿನ ಹೋಟೆಲುಗಳ ದೊಡ್ಡ ಸೋಲು. ಬೇಕಾದದ್ದು ಥಾಯ್ ಬೇಸಿಲ್: ನಮ್ಮ ಕಾಮಕಸ್ತೂರಿಯ ಜಾತಿಯದೇ, ನೇರಳೆ ದಂಟು, ಸೋಂಪಿನ ವಾಸನೆ. ಅದರ ಜೊತೆ ಗರಗಸದ ಅಂಚಿನ ಉದ್ದೆಲೆಯ ಕೊತ್ತಂಬರಿ, ಅದಂತೂ ಇಲ್ಲಿ ಅಪರೂಪ. ಬದಲಿಗೆ ನಾವು ದಿನಾ ಬಳಸುವ ಕೊತ್ತಂಬರಿ, ಪುದೀನ ಕೊಟ್ಟರೆ ಒಪ್ಪಿಕೊಳ್ಳಬಹುದು. ತುಳಸಿ ಕೊಟ್ಟರೆ ಸಾರು ಕಷಾಯವಾಗುತ್ತದೆ. ಮೊಳಕೆಯಲ್ಲೂ ಮೋಸವಿದೆ. ಫೋಗೆ ಬೇಕಾದದ್ದು ಎರಡು ಇಂಚಿನ ಬಿಳಿ ದಂಟಿನ ಹೆಸರುಮೊಳಕೆ, ಉಸಳಿಗೆ ಹಾಕುವ ಗಿಡ್ಡ ಮೊಳಕೆ ಹಾಕಿದರೆ ಹಸಿ ಕಾಳಿನ ವಾಸನೆ ಬರುತ್ತದೆ. ಮಳೆಗಾಲದಲ್ಲಿ ಸೊಪ್ಪು ಕಪ್ಪಾಗಿ ಬರುವುದು ಮಾರುಕಟ್ಟೆಯ ತೊಂದರೆಯೂ ಇರಬಹುದು, ಆದರೆ ಕೊಳೆತದ್ದನ್ನು ಆರಿಸದೆ ತಟ್ಟೆಗೆ ಹಾಕಿದ್ದು ಹೋಟೆಲಿನದೇ ತಪ್ಪು.

ಸಾರಿನ ತೀರ್ಪು ಬರೆದುಕೊಂಡ ಮೇಲಷ್ಟೇ ನಿಂಬೆ. ಅರ್ಧ ಹೋಳು ಹಿಂಡಿ, ಕುಡಿದು ನೋಡಿ, ಬೇಕಾದರೆ ಇನ್ನರ್ಧ. ಹೊಯ್ಸಿನ್, ಮೆಣಸಿನ ಸಾಸ್ ಎರಡನ್ನೂ ಬಟ್ಟಲಿಗೆ ಸುರಿಯಬೇಡಿ. ಸಣ್ಣ ತಟ್ಟೆಯಲ್ಲಿ ಬೆರೆಸಿ ಮಾಂಸವನ್ನು ಅದ್ದಿಕೊಳ್ಳಿ. ಹಸಿಮೆಣಸಿನ ಜಾಗದಲ್ಲಿ ಸಣ್ಣ, ಕಡುಖಾರದ ಲವಂಗಿ ಮೆಣಸು ಬಂದರೆ ಎರಡು ಬಿಲ್ಲೆ ಸಾಕು.

ಪಾರ್ಸೆಲ್ ಬೇರೆ ಲೆಕ್ಕ

ಸಾರು, ನೂಡಲ್, ಸೊಪ್ಪು ಮೂರೂ ಬೇರೆ ಬೇರೆ ಡಬ್ಬದಲ್ಲಿ ಬಂದವೇ ನೋಡಿ. ಸಾರಿನಲ್ಲೇ ನೂಡಲ್ ಮುಳುಗಿಸಿ ಕಳಿಸಿದವರಿಗೆ ನೂಡಲ್‌ನ ಅಂಕ ಸೊನ್ನೆ. ಸಾರನ್ನು ಕುದಿಬರಿಸಿ, ಗಂಟಾದ ನೂಡಲ್ ಮೇಲೆ ಬಿಸಿನೀರು ಸುರಿದು ಬಿಡಿಸಿ ಬಸಿದು, ಬಟ್ಟಲನ್ನೂ ಬಿಸಿ ಮಾಡಿಕೊಂಡು ಜೋಡಿಸಿ. ಪಾರ್ಸೆಲ್‌ನಿಂದ ಒಂದು ಲಾಭವಿದೆ: ಅರ್ಧ ಕಪ್ ಸಾರನ್ನು ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಅಲುಗಾಡುವ ಜೆಲ್ಲಿಯಾಗಿದ್ದರೆ ಎಲುಬಿನ ಸಾರೇ. ಗಟ್ಟಿಯಾಗದಿದ್ದ ಮಾತ್ರಕ್ಕೆ ಸುಳ್ಳೆಂದು ಬರೆಯಬೇಡಿ, ತೆಳ್ಳಗಾಗಿಸಿದ ಒಳ್ಳೆಯ ಸಾರೂ ನೀರಾಗಿಯೇ ಉಳಿಯುತ್ತದೆ. ಆದರೆ 'ವೆಜ್' ಸಾರು ತಿಳಿಯಾದ ಜೆಲ್ಲಿಯಾಗಿ ಕೂತಿದ್ದರೆ ಹೋಟೆಲಿಗೆ ಫೋನು ಮಾಡಿ ಕೇಳಿ, ಉತ್ತರವನ್ನೂ ಸೇರಿಸಿ ಬರೆಯಿರಿ.

ಅಂಕ, ಬಿಲ್, ಬರಹ

ನೂರರಲ್ಲಿ ಸಾರಿಗೆ 40, ನೂಡಲ್‌ಗೆ 20, ಮಾಂಸ ಅಥವಾ ತೋಫುವಿಗೆ 15, ಸೊಪ್ಪು ಮತ್ತು ಸಾಸ್‌ಗೆ 15, ಬೆಲೆ ಹಾಗೂ ಕೇಳಿದ್ದಕ್ಕೆ ಸಿಕ್ಕ ಪ್ರಾಮಾಣಿಕ ಉತ್ತರಕ್ಕೆ 10. ಗೋಡೆಯ ಮೇಲಿನ ಕಾಗದದ ಲಾಟೀನುಗಳಿಗೆ ಅಂಕವಿಲ್ಲ. ಸಾರು 20ಕ್ಕಿಂತ ಕೆಳಗಿದ್ದರೆ ಒಟ್ಟು ಎಷ್ಟೇ ಬಂದರೂ ಶಿಫಾರಸು ಮಾಡಬೇಡಿ; ಸೊಪ್ಪಿನ ಅಂಕ ಸಾರನ್ನು ಪಾಸು ಮಾಡಿಸಬಾರದು.

ಬೆಲೆಯನ್ನು ತೆರಿಗೆ ಸೇರಿಸಿ ಬರೆಯಿರಿ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ 5%, ದೊಡ್ಡ ಹೋಟೆಲುಗಳೊಳಗೆ 18%. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ: ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಜುಲೈ ಮಾರ್ಗಸೂಚಿ ಹಾಗೆ ಹೇಳಿತ್ತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದಾಗ ತೆಗೆದರೇ, ಮುಖ ಸಿಂಡರಿಸಿದರೇ ಎಂಬುದೂ ಓದುಗರಿಗೆ ಬೇಕಾದ ಮಾಹಿತಿ. ಬಿಲ್ಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಬಿಲ್ಲಿನ ಫೋಟೊ ಇಟ್ಟುಕೊಳ್ಳಿ. ಊಟ ಪುಕ್ಕಟೆ ಸಿಕ್ಕಿದ್ದರೆ ಮೊದಲ ಸಾಲಿನಲ್ಲೇ ಹೇಳಿ, ಕೊನೆಯ ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಹೂಳಬೇಡಿ.

ಬರೆಯುವಾಗ ಕಂಡದ್ದು ಮೊದಲು, ಊಹೆ ಆಮೇಲೆ, ಎರಡನ್ನೂ ಬೆರೆಸದೆ. ಮಾದರಿಗೆ: 'ಗುರುವಾರ ಮಧ್ಯಾಹ್ನ ಒಂದೂಕಾಲು. ಚಿಕನ್ ಫೋ, ಪೂರ್ಣ ಬಟ್ಟಲು. ಸಾರು ಸುಡುವಷ್ಟು ಬಿಸಿ, ತಿಳಿ, ಉಪ್ಪು ಸರಿ. ತುಟಿಗೆ ಅಂಟಲಿಲ್ಲ, ಕೋಳಿ ಸಾಕಷ್ಟು ಬಿದ್ದಂತಿಲ್ಲ. ನೂಡಲ್ ಎಂಟನೇ ನಿಮಿಷಕ್ಕೂ ತುಂಡಾಗಲಿಲ್ಲ. ಬೇಸಿಲ್ ಇಲ್ಲ, ಪುದೀನ ಕೊಟ್ಟರು.' ಇಷ್ಟರಲ್ಲೇ ಓದುಗರಿಗೆ ಬೇಕಾದದ್ದೆಲ್ಲ ಸಿಕ್ಕಿತು. 'ಹಳಸಿದ ಮಾಂಸ ಹಾಕುತ್ತಾರೆ' ಎಂಬಂಥ ಮಾತು ಮಾನನಷ್ಟದ ದಾರಿ ಹಿಡಿಯಬಹುದು. 'ಸಾರಿನಲ್ಲಿ ಹುಳಿ ವಾಸನೆ ಇತ್ತು, ಹೇಳಿದಾಗ ಬೇರೆ ಬಟ್ಟಲು ಕೊಟ್ಟರು' ಎಂಬುದು ನೀವು ಕಂಡ ಸಂಗತಿ. ತಿಂದು ಆರೋಗ್ಯ ಕೆಟ್ಟರೆ ವಿಮರ್ಶೆಗಿಂತ ಮೊದಲು ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್‌ನಲ್ಲಿ ದೂರು ಕೊಡಿ.

ಪ್ರಕಟವಾದ ಮೇಲೆ ಮಾಲೀಕರ ಸಂದೇಶ ಬರುವುದುಂಟು: ಅಡುಗೆಯವರು ಬದಲಾಗಿದ್ದಾರೆ, ಇನ್ನೊಮ್ಮೆ ಬನ್ನಿ, ಹಳೆಯದನ್ನು ತೆಗೆದುಹಾಕಿ. ಹೋಗಿ, ಬಿಲ್ ನೀವೇ ಕಟ್ಟಿ, ಹಳೆಯ ವಿಮರ್ಶೆಯ ಕೆಳಗೆ ಹೊಸ ತಾರೀಖು ಹಾಕಿ ಹೊಸ ಅಂಕ ಸೇರಿಸಿ. ಹಳೆಯದನ್ನು ಅಳಿಸಬೇಡಿ. ವೆಜ್ ಸಾರಿಗೆ ಫಿಶ್ ಸಾಸ್ ಹಾಕುವುದನ್ನು ನಿಲ್ಲಿಸಿದ್ದೇವೆ ಎಂಬಂಥ ಸುದ್ದಿಯಾದರೆ ಮಾತ್ರ ಭೇಟಿಯವರೆಗೆ ಕಾಯದೆ, 'ಹೋಟೆಲಿನವರು ಹೀಗೆ ತಿಳಿಸಿದ್ದಾರೆ' ಎಂದು ಅಂದೇ ಸೇರಿಸಿಬಿಡಿ.